ಜನವರಿಯ ಹಾಜರಾತಿ ಪುಸ್ತಕ

ಕೊಡಗಿನ ಕಾಫಿ ತೋಟಗಳ ನಡುವಿನ ನಮ್ಮ ಶಾಲೆ ಎಂದರೆ ನನಗೆ ಮೊದಲು ನೆನಪಾಗುವುದು ಹಾಜರಾತಿ ಪುಸ್ತಕ. ಡಿಸೆಂಬರ್ ಬಂತೆಂದರೆ ಲೈನ್ ಮನೆಗಳ, ಅಂದರೆ ತೋಟದ ಕೂಲಿಯವರ ಸಾಲುಮನೆಗಳ, ಮಕ್ಕಳ ಹೆಸರಿನ ಮುಂದೆ ಸಾಲುಸಾಲು ಗೈರು. ಅರೇಬಿಕಾ ಕಾಫಿಯ ಕೊಯ್ಲು ಮುಗಿಯುವಷ್ಟರಲ್ಲಿ ಇನ್ನೊಂದು ತಳಿ ರೊಬಸ್ಟಾ ಹಣ್ಣಾಗಿರುತ್ತದೆ. ಕೆಲಸ ಮಾರ್ಚ್ ತನಕ ಎಳೆಯುತ್ತದೆ, ಪರೀಕ್ಷೆಯೂ ಆಗಲೇ.

ಗೈರಾದವರೆಲ್ಲ ಹಣ್ಣು ಕೊಯ್ಯಲು ಹೋದವರಲ್ಲ. ಕೊಯ್ಲಿನ ಕೂಲಿ ಕಿಲೋ ಲೆಕ್ಕದಲ್ಲಿ. ಅಮ್ಮ ಬೇಗ ಹೋದಷ್ಟೂ ಚೀಲ ತುಂಬುತ್ತದೆ, ಕೂಸನ್ನು ನೋಡಿಕೊಳ್ಳಲು ಐದನೇ ತರಗತಿಯ ಅಕ್ಕ ಮನೆಯಲ್ಲಿ ಉಳಿಯುತ್ತಾಳೆ. 50ಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ಕೊಡಗಿನ ಹೆಚ್ಚಿನ ತೋಟಗಳು ಸಣ್ಣವು, ಆ ಲೆಕ್ಕಕ್ಕೆ ಸಿಗುವುದೇ ಇಲ್ಲ.

ತಪ್ಪಿದ ಕನ್ನಡ ಪಾಠವನ್ನು ಆಮೇಲೆ ಓದಿಕೊಳ್ಳಬಹುದು. (ಮನೆಯಲ್ಲಿ ಎರವ ಭಾಷೆ ಆಡುವ ಮಗುವಿಗೆ ಅದೂ ಸುಲಭವಲ್ಲ.) ಗಣಿತ ಹಾಗಲ್ಲ. 1/2ಕ್ಕೆ 1/3 ಕೂಡಿಸಿ 2/5 ಎಂದು ಬರೆಯುವ ಮಗು ದಡ್ಡ ಅಲ್ಲವೇ ಅಲ್ಲ; ಛೇದ ಸಮ ಮಾಡಲು ಹೇಳಿಕೊಟ್ಟ ವಾರ ಅದು ತರಗತಿಯಲ್ಲಿರಲಿಲ್ಲ. ಅಲ್ಲಿ ಎಡವಿದರೆ ಶೇಕಡಾ, ಅನುಪಾತ, ಬೀಜಗಣಿತ ಎಲ್ಲದರಲ್ಲೂ ಎಡವುತ್ತದೆ. ನಮ್ಮ ಗಣಿತದ ಮೇಷ್ಟ್ರು ಜೂನ್‌ನ ಮೊದಲ ಎರಡು ವಾರ ಹೊಸ ಪಾಠ ಮುಟ್ಟುತ್ತಿರಲಿಲ್ಲ. ಕಾಗದದ ಪಟ್ಟಿಯನ್ನು ಆರು ಸಮಭಾಗ ಮಡಿಸಿ, ಅರ್ಧಕ್ಕೆ ಮೂರು, ಮೂರನೇ ಒಂದಕ್ಕೆ ಎರಡು, ಒಟ್ಟು 5/6 ಎಂದು ಮಕ್ಕಳ ಕೈಯಲ್ಲೇ ಎಣಿಸಿಸುತ್ತಿದ್ದರು. ಲೈನ್ ಮನೆಯ ಮಕ್ಕಳಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಯಾವುದನ್ನೂ ಯಾರೂ ಮಾಡಿಲ್ಲ ಎಂದೇ ನನ್ನ ನಂಬಿಕೆ.

ಕೊಯ್ಲು ಮುಗಿದ ಮೇಲೆ ಕೆಲವು ಸಂಸಾರಗಳು ತೋಟ ಬದಲಿಸುತ್ತವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿ.ಸಿ. ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಸೇರಿಸಿಕೊಳ್ಳದೆ ಕಳಿಸುವಂತಿಲ್ಲ. ನಡುವೆ ಶಾಲೆ ಬಿಟ್ಟು ಬಂದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಿ ವಿಶೇಷ ತರಬೇತಿ ಕೊಡಬೇಕು. ಕೂರಿಸುವುದು ಸುಲಭ, ತರಬೇತಿಯೇ ಬಿಟ್ಟುಹೋಗುತ್ತದೆ. ಆ ಹಕ್ಕೂ 14 ವರ್ಷಕ್ಕೆ ನಿಲ್ಲುತ್ತದೆ, ಅಂದರೆ ಹೈಸ್ಕೂಲು ದೂರವಾಗಿ, ಜಡಿಮಳೆಯಲ್ಲಿ ಬಸ್ಸಿಗೆ ನಡೆಯಬೇಕಾದ ವಯಸ್ಸಿಗೆ.

ಅದನ್ನೂ ದಾಟಿ ಪಿಯುಸಿ ಮುಗಿಸಿದವರಿಗೆ ವೃತ್ತಿ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಶೇ. 15 ಗ್ರಾಮೀಣ ಮೀಸಲಾತಿ ಇದೆ. ಅದಕ್ಕೆ ಒಂದರಿಂದ ಹತ್ತರವರೆಗೆ ಪೂರಾ ಹತ್ತು ವರ್ಷ ಹಳ್ಳಿ ಶಾಲೆಯಲ್ಲೇ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು ಸಮೇತ. ಮೂರು ತೋಟ ಬದಲಿಸಿದ ಮಗು ಮೂರು ಶಾಲೆಗೂ ಅಲೆಯಬೇಕು, ಅದೂ ಅಪ್ಪ ಅಮ್ಮನ ಒಂದೊಂದು ದಿನದ ಕೂಲಿ ಕಳೆದು. ಟಿ.ಸಿ. ಕೊಡುವ ದಿನವೇ ಆ ಪ್ರಮಾಣಪತ್ರವನ್ನೂ ಬರೆದು ಕೈಗಿಡಿ ಎಂದು ನಮ್ಮ ಶಾಲೆಯ ಈಗಿನ ಟೀಚರುಗಳಲ್ಲಿ ಕೇಳಿಕೊಳ್ಳುತ್ತೇನೆ.