ಕೇಳದೆ ಬಂದ ಅಪ್‌ಡೇಟ್: ಮಾರನೆಯ ಬೆಳಗಿನ ಕೆಲಸ

ಬೆಳಗ್ಗೆ ಬ್ರೌಸರ್ ತೆರೆದರೆ ಟ್ಯಾಬುಗಳ ಆಕಾರ ಬದಲಾಗಿದೆ, ಮೆನುವಿನ ಸಾಲುಗಳು ಜಾಗ ಬಿಟ್ಟಿವೆ, ನಿನ್ನೆ ಸಂಜೆವರೆಗೂ ನಡೆಯುತ್ತಿದ್ದ ಎಕ್ಸ್‌ಟೆನ್ಶನ್ (ಬ್ರೌಸರಿಗೆ ನಾವೇ ಸೇರಿಸಿಕೊಂಡ ಪುಟ್ಟ ಪ್ರೋಗ್ರಾಮ್) ಆಫ್ ಆಗಿ ಕೂತಿದೆ. “ನಾನೇನೂ ಮುಟ್ಟಿಲ್ಲ” ಅಂದರೆ ಕಂಪ್ಯೂಟರ್ ರಿಪೇರಿಯವರು ಸಾಮಾನ್ಯವಾಗಿ ನಂಬುವುದಿಲ್ಲ. ಈ ಒಂದು ಸಂದರ್ಭದಲ್ಲಿ ನಂಬಬೇಕು.

ಮೊದಲು ಆವೃತ್ತಿ ಸಂಖ್ಯೆ ನೋಡಿ. ಎಲ್ಲಿ ನೋಡುತ್ತೀರಿ ಎನ್ನುವುದೂ ಮುಖ್ಯ. ಕ್ರೋಮ್‌ನಲ್ಲಿ ಹೆಲ್ಪ್ ಒಳಗಿನ ‘ಅಬೌಟ್’ ಪುಟ ತೆರೆದರೆ ಅದು ಸಂಖ್ಯೆ ತೋರಿಸಿ ಸುಮ್ಮನಾಗುವುದಿಲ್ಲ. ಆ ಕ್ಷಣವೇ ಹೊಸದನ್ನು ಹುಡುಕಿ ಇಳಿಸಿಕೊಳ್ಳಲು ಶುರುಮಾಡುತ್ತದೆ. ಫೈರ್‌ಫಾಕ್ಸ್‌ನ ‘ಅಬೌಟ್’ ಕಿಟಕಿಯೂ ಹಾಗೆಯೇ. ಏನಾಗಿದೆಯೆಂದು ಪತ್ತೆ ಮಾಡಹೊರಟವರು ತಾವೇ ಇನ್ನೊಂದು ಅಪ್‌ಡೇಟ್ ಹಾಕಿಸಿಕೊಂಡು ಗೊಂದಲ ಹೆಚ್ಚಿಸಿಕೊಳ್ಳುವುದು ಇಲ್ಲೇ. ಕ್ರೋಮ್‌ನ ಅಡ್ರೆಸ್ ಬಾರಿನಲ್ಲಿ ಕ್ರೋಮ್, ಕೋಲನ್, ಎರಡು ಓರೆಗೆರೆ, ವರ್ಶನ್ ಎಂದು ಟೈಪ್ ಮಾಡಿದರೆ ಏನನ್ನೂ ಕೆಣಕದೆ ಸಂಖ್ಯೆ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಪುಟ ನೋಡಿ. ಯಾವ ಅಪ್‌ಡೇಟ್ ಯಾವತ್ತು ಬಂತೆಂಬ ಇತಿಹಾಸವೂ ಅಲ್ಲೇ ಇದೆ.

ರಾತ್ರಿ ನಡೆದದ್ದು ಇಷ್ಟು. ವಿಂಡೋಸ್‌ನಲ್ಲಿ ಕ್ರೋಮ್‌ಗೆ ಬ್ರೌಸರಿನಿಂದ ಬೇರೆಯಾದ ಅಪ್‌ಡೇಟರ್ ಪ್ರೋಗ್ರಾಮ್ ಒಂದಿರುತ್ತದೆ. ಹೊತ್ತಿಗೆ ಸರಿಯಾಗಿ ಕೆಲಸಗಳನ್ನು ಶುರುಮಾಡಿಸುವ ಟಾಸ್ಕ್ ಶೆಡ್ಯೂಲರ್ ಅದನ್ನು ಆಗಾಗ ಎಬ್ಬಿಸುತ್ತದೆ. ಅದು ಹೊಸ ಆವೃತ್ತಿಯನ್ನು ಇಳಿಸಿ, ಹಳೆಯ ಫೋಲ್ಡರಿನ ಪಕ್ಕದಲ್ಲೇ ಹೊಸ ಸಂಖ್ಯೆಯ ಫೋಲ್ಡರ್ ಇಡುತ್ತದೆ. ಬ್ರೌಸರ್ ಓಡುತ್ತಿರುವಾಗ ಮುಖ್ಯ ಫೈಲನ್ನು ಬದಲಿಸಲಾಗದು. ಆದ್ದರಿಂದ ಹೊಸ ಫೈಲು ಬೇರೆ ಹೆಸರಿನಲ್ಲಿ ಕಾಯುತ್ತದೆ, ಮುಂದಿನ ಬಾರಿ ತೆರೆದಾಗ ಹಳೆಯದರ ಜಾಗಕ್ಕೆ ಬರುತ್ತದೆ. ಬೆಳಗ್ಗೆ ನೀವು ಒತ್ತಿದ ಐಕಾನ್ ಅದೇ, ತೆರೆದುಕೊಂಡದ್ದು ಮಾತ್ರ ಬೇರೆ.

ಈ ಪದ್ಧತಿ ಕ್ರೋಮ್ ಜೊತೆಗೇ 2008ರ ಸೆಪ್ಟೆಂಬರಿನಲ್ಲಿ ಬಂತು. ಫೈರ್‌ಫಾಕ್ಸ್ ನಿಧಾನವಾಗಿ ಅದೇ ದಾರಿ ಹಿಡಿಯಿತು: 2012ರ ಏಪ್ರಿಲ್‌ನ 12ನೇ ಆವೃತ್ತಿಯಲ್ಲಿ ಮೇಂಟೆನೆನ್ಸ್ ಸರ್ವಿಸ್ ಸೇರಿಸಿ ವಿಂಡೋಸ್ ಕೇಳುತ್ತಿದ್ದ ಅನುಮತಿಯ ಪೆಟ್ಟಿಗೆಯನ್ನು ತೆಗೆಯಿತು, 2018ರ ಅಕ್ಟೋಬರಿನ 63ನೇ ಆವೃತ್ತಿಯಲ್ಲಿ ‘ಅಪ್‌ಡೇಟ್ ಹುಡುಕಲೇಬೇಡ’ ಎಂಬ ಆಯ್ಕೆಯನ್ನೇ ಸೆಟ್ಟಿಂಗ್ಸ್‌ನಿಂದ ಎತ್ತಿತು, 2021ರ 90ನೇ ಆವೃತ್ತಿಯಿಂದ ವಿಂಡೋಸ್‌ನಲ್ಲಿ ಬ್ರೌಸರ್ ಮುಚ್ಚಿದ್ದರೂ ಅಪ್‌ಡೇಟ್ ಆಗುತ್ತದೆ.

ಕೇಳದೆ ಹಾಕುವುದಕ್ಕೆ ಗಟ್ಟಿಯಾದ ಕಾರಣವಿದೆ. 2023ರ ಸೆಪ್ಟೆಂಬರಿನಲ್ಲಿ ವೆಬ್‌ಪಿ ಚಿತ್ರಗಳನ್ನು ಓದುವ ಲೈಬ್ರರಿಯೊಂದರಲ್ಲಿ (ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಕೋಡಿನಲ್ಲಿ) ದೋಷ ಸಿಕ್ಕಿತು. ಅದು ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಎಲ್ಲದರಲ್ಲೂ ಇತ್ತು, ದಾಳಿಕೋರರ ಕೈಗೂ ಆಗಲೇ ಸೇರಿತ್ತು. ಅಂಥ ದುರಸ್ತಿ ಹೊರಬಿದ್ದ ಕೂಡಲೇ ಹಳೆಯ ಕೋಡ್, ಹೊಸ ಕೋಡ್ ಎರಡನ್ನೂ ಹೋಲಿಸಿ ತೂತು ಎಲ್ಲಿತ್ತೆಂದು ಯಾರು ಬೇಕಾದರೂ ಹುಡುಕಬಹುದು. ಹಾಗಾಗಿ ದುರಸ್ತಿ ಬಂದ ಮೇಲಿನ ದಿನಗಳೇ ಹಳೆಯ ಆವೃತ್ತಿಯವರಿಗೆ ಹೆಚ್ಚು ಅಪಾಯ. ಕೋಟ್ಯಂತರ ಜನರನ್ನು ಒಬ್ಬೊಬ್ಬರಾಗಿ ಕೇಳುತ್ತ ಕೂರುವ ಹೊತ್ತಲ್ಲ ಅದು.

ನಮ್ಮ ತಕರಾರು ಬೇರೆಯದು. ತೂತು ಮುಚ್ಚುವ ದುರಸ್ತಿ, ಹೊಸ ಮೆನು, ತೆಗೆದುಹಾಕಿದ ಸೌಲಭ್ಯ, ಬದಲಾದ ಡೀಫಾಲ್ಟ್ ಎಲ್ಲವೂ ಒಂದೇ ಮೂಟೆಯಲ್ಲಿ ಬರುತ್ತವೆ. 2018ರ ಕ್ರೋಮ್ 69 ಒಳ್ಳೆಯ ಉದಾಹರಣೆ: ಗೂಗಲ್‌ನ ಯಾವುದಾದರೂ ಸೈಟಿಗೆ ಲಾಗಿನ್ ಆದರೆ ಬ್ರೌಸರೂ ತಾನಾಗಿ ಸೈನ್‌ಇನ್ ಆಗುತ್ತಿತ್ತು. ಜನ ಸಿಟ್ಟಾದ ಮೇಲೆ 70ರಲ್ಲಿ ಅದನ್ನು ಆಫ್ ಮಾಡುವ ಸ್ವಿಚ್ ಕೊಟ್ಟರು. ಸುರಕ್ಷತೆಗೆಂದು ತೆರೆದ ಬಾಗಿಲಲ್ಲಿ ಇದೂ ನುಗ್ಗಿತು ಎನ್ನುವುದೇ ಬೇಸರ.

ಸುರಕ್ಷತೆಯ ದುರಸ್ತಿಯನ್ನೂ ಹೊಸ ಬದಲಾವಣೆಗಳನ್ನೂ ನಿಜವಾಗಿ ಬಿಡಿಸಿಕೊಡುವ ದಾರಿಯೆಂದರೆ ಫೈರ್‌ಫಾಕ್ಸ್‌ನ ಇಎಸ್‌ಆರ್ ಆವೃತ್ತಿ. ಹೆಚ್ಚು ಕಾಲ ಬೆಂಬಲ ಸಿಗುವ ಆವೃತ್ತಿ ಎಂದು ಆ ಹೆಸರಿನ ಅರ್ಥ. ಇದರಲ್ಲಿ ಹೊಸ ಸೌಲಭ್ಯಗಳು ಸುಮಾರು ವರ್ಷಕ್ಕೊಮ್ಮೆ ಮಾತ್ರ. ಸುರಕ್ಷತೆಯ ದುರಸ್ತಿಗಳು ಎಂದಿನಂತೆ ಬರುತ್ತಿರುತ್ತವೆ. ಬದಲಾವಣೆ ಸಹಿಸದವರಿಗೆ ನಾವು ಮೊದಲು ಹೇಳುವುದು ಇದನ್ನೇ. ಕ್ರೋಮ್‌ನಲ್ಲೂ ಎಂಟು ವಾರಕ್ಕೊಮ್ಮೆ ಹೊಸ ಆವೃತ್ತಿ ಕೊಡುವ ವಿಸ್ತೃತ ಚಾನೆಲ್ ಇದೆ, ಆದರೆ ಅದು ಸಂಸ್ಥೆಗಳ ಆಡಳಿತದಲ್ಲಿರುವ ಕಂಪ್ಯೂಟರುಗಳಿಗೆ.

ಮಾಮೂಲಿ ಫೈರ್‌ಫಾಕ್ಸ್‌ನಲ್ಲೇ ಇರುವುದಾದರೆ, ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ಅಪ್‌ಡೇಟ್ ಎಂಬಲ್ಲಿಗೆ ಹೋಗಿ, ‘ಹುಡುಕು, ಆದರೆ ಹಾಕುವ ಮೊದಲು ನನ್ನನ್ನು ಕೇಳು’ ಎಂಬರ್ಥದ ಆಯ್ಕೆ ಒತ್ತಿ. ಮುಚ್ಚಿದ್ದಾಗಲೂ ಹಾಕು ಎಂಬ ಟಿಕ್ ಇದ್ದರೆ ಅದನ್ನೂ ತೆಗೆಯಿರಿ. ಕ್ರೋಮ್‌ನಲ್ಲಿ ಇಂಥ ಗುಂಡಿ ಇಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್ಸ್ ಇಡುವ ರಿಜಿಸ್ಟ್ರಿಯಲ್ಲಿ ಬರೆಯುವ ಪಾಲಿಸಿಗಳು (ನಿಯಮಗಳು) ಸಂಸ್ಥೆಯ ಡೊಮೇನ್‌ಗೆ ಸೇರಿದ ಯಂತ್ರಗಳಿಗೆಂದು ಮಾಡಿದವು, ಮನೆಯ ಕಂಪ್ಯೂಟರಿನಲ್ಲಿ ಅವನ್ನು ನೆಚ್ಚಬೇಡಿ. ಅಪ್‌ಡೇಟರ್ ಫೋಲ್ಡರಿನ ಹೆಸರು ಬದಲಿಸುವ, ಸರ್ವಿಸ್ ನಿಲ್ಲಿಸುವ ಉಪಾಯಗಳನ್ನು ನಾವು ಯಾರಿಗೂ ಹೇಳುವುದಿಲ್ಲ. ಬ್ರೌಸರ್ ಹಳೆಯದರಲ್ಲೇ ನಿಲ್ಲುತ್ತದೆ, ಎಕ್ಸ್‌ಟೆನ್ಶನ್‌ಗಳು ಮಾತ್ರ ಮುಂದಕ್ಕೆ ಹೋಗುತ್ತಿರುತ್ತವೆ, ಏಕೆಂದರೆ ಅವನ್ನು ಅಪ್‌ಡೇಟ್ ಮಾಡುವುದು ಬ್ರೌಸರೇ. ಕೆಲವು ತಿಂಗಳ ಬಳಿಕ ಎರಡಕ್ಕೂ ಹೊಂದಿಕೆ ತಪ್ಪಿದಾಗ ಕಾರಣ ಯಾರಿಗೂ ನೆನಪಿರುವುದಿಲ್ಲ.

ಮೊಬೈಲಿನಲ್ಲಿ ಸುಲಭ: ಪ್ಲೇ ಸ್ಟೋರಿನಲ್ಲಿ ಆ ಆ್ಯಪ್‌ನ ಪುಟ ತೆರೆದು, ಮೂರು ಚುಕ್ಕಿ ಒತ್ತಿ, ಆಟೋ ಅಪ್‌ಡೇಟ್ ಟಿಕ್ ತೆಗೆದರೆ ಮುಗಿಯಿತು.

ಲಿನಕ್ಸ್‌ನ ಕಥೆ ಸ್ವಲ್ಪ ಬೇರೆ. ಸಾಫ್ಟ್‌ವೇರ್ ಹಾಕುವ, ಬದಲಿಸುವ ಪ್ಯಾಕೇಜ್ ಮ್ಯಾನೇಜರ್ ಡಿಸ್ಕಿನ ಮೇಲಿನ ಫೈಲುಗಳನ್ನು ಬದಲಿಸಿಬಿಟ್ಟಿರುತ್ತದೆ, ಮೆಮೊರಿಯಲ್ಲಿ ಹಳೆಯ ಫೈರ್‌ಫಾಕ್ಸ್ ಇನ್ನೂ ಓಡುತ್ತಿರುತ್ತದೆ. ಹೊಸ ಟ್ಯಾಬಿಗೆ ಹೊಸ ಪ್ರೊಸೆಸ್ ಬೇಕಾದಾಗ ಎರಡರ ಸಂಖ್ಯೆ ತಾಳೆಯಾಗದೆ ‘ರೀಸ್ಟಾರ್ಟ್ ಮಾಡಿ’ ಎಂಬ ಪುಟ ಬರುತ್ತದೆ. ಗಾಬರಿಯಾಗಿ ಒತ್ತಬೇಡಿ. ಆಗಲೇ ತೆರೆದಿರುವ ಟ್ಯಾಬುಗಳು ಸಾಮಾನ್ಯವಾಗಿ ಬದುಕಿರುತ್ತವೆ. ಅರ್ಧ ಬರೆದದ್ದನ್ನು ಕಾಪಿ ಮಾಡಿ ಟೆಕ್ಸ್ಟ್ ಎಡಿಟರಿನಲ್ಲಿಟ್ಟು ಆಮೇಲೆ ಒತ್ತಿ. ಉಬುಂಟು 22.04ರಿಂದ ಫೈರ್‌ಫಾಕ್ಸ್ ತಾನಾಗಿ ಅಪ್‌ಡೇಟ್ ಆಗುವ ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಬರುತ್ತದೆ. ಸ್ನ್ಯಾಪ್ ರಿಫ್ರೆಶ್ ಆಜ್ಞೆಗೆ ‘ಹೋಲ್ಡ್’ ಸೇರಿಸಿ 72 ಗಂಟೆಯಂಥ ಅವಧಿ ಕೊಟ್ಟರೆ ಅಷ್ಟು ಹೊತ್ತು ತಾನಾಗಿ ಬದಲಾಗದು. ಪರೀಕ್ಷೆ, ಆನ್‌ಲೈನ್ ಸಂದರ್ಶನ ಇದ್ದವರಿಗೆ ಅಷ್ಟು ಸಾಕು.

ಕ್ರೋಮ್‌ನಲ್ಲಿ ರೀಲಾಂಚ್ ಒತ್ತಿದರೆ ಟ್ಯಾಬುಗಳು ಮರಳುತ್ತವೆ, ಆದರೆ ಇನ್‌ಕಾಗ್ನಿಟೋ ಕಿಟಕಿಗಳು ಮರಳುವುದಿಲ್ಲ, ಅರ್ಧ ತುಂಬಿದ ಅರ್ಜಿಗೂ ಖಾತ್ರಿಯಿಲ್ಲ.

ಹಳೆಯ ಆವೃತ್ತಿಗೆ ಮರಳುವ ಆಸೆ ಸಹಜ. ಆದರೆ ಹೊಸ ಆವೃತ್ತಿ ಒಮ್ಮೆ ತೆರೆದರೆ ಬುಕ್‌ಮಾರ್ಕ್, ಪಾಸ್‌ವರ್ಡ್ ಇರುವ ಪ್ರೊಫೈಲನ್ನು ತನಗೆ ಬೇಕಾದಂತೆ ಬದಲಿಸಿರಬಹುದು. 2019ರ 67ನೇ ಆವೃತ್ತಿಯಿಂದೀಚೆಗೆ ಫೈರ್‌ಫಾಕ್ಸ್ ಅಂಥ ಪ್ರೊಫೈಲನ್ನು ಹಳೆಯ ಆವೃತ್ತಿಯಲ್ಲಿ ತೆರೆಯದೆ ಹೊಸ ಪ್ರೊಫೈಲ್ ಮಾಡಿ ಎನ್ನುತ್ತದೆ. ಖಾಲಿ ಬ್ರೌಸರ್ ಕಂಡು ಎಲ್ಲ ಹೋಯಿತೆಂದು ಅಳುವವರು ಇವರೇ. ಹೋಗಿಲ್ಲ, ಹಳೆಯ ಫೋಲ್ಡರಿನಲ್ಲೇ ಇದೆ. ಬ್ರೌಸರ್ ಪೂರ್ತಿ ಮುಚ್ಚಿ ಪ್ರೊಫೈಲ್ ಫೋಲ್ಡರನ್ನು ಆಗಾಗ ಬೇರೆಡೆ ಕಾಪಿ ಮಾಡಿಟ್ಟರೆ ಈ ಪಾಡಿಲ್ಲ.

ಇಷ್ಟೆಲ್ಲ ಹಿಡಿದಿಟ್ಟರೂ ಬದಲಾವಣೆ ಬರುವ ಇನ್ನೊಂದು ಹಾದಿ ಇದೆ. 2019ರ ನವೆಂಬರಿನಲ್ಲಿ ಹಲವು ಕಂಪನಿಗಳ ಟರ್ಮಿನಲ್ ಸರ್ವರುಗಳಲ್ಲಿ (ಹಲವರು ದೂರದಿಂದ ಸೇರಿ ಬಳಸುವ ಕಂಪ್ಯೂಟರುಗಳಲ್ಲಿ) ಕ್ರೋಮ್ ಟ್ಯಾಬುಗಳು ಇದ್ದಕ್ಕಿದ್ದಂತೆ ಬಿಳಿ ಹಾಳೆಯಾದವು. ಆಗ ಯಾವ ಅಪ್‌ಡೇಟೂ ಬಂದಿರಲಿಲ್ಲ. ಕೋಡಿನಲ್ಲಿ ಮೊದಲೇ ಇದ್ದು ಆಫ್ ಆಗಿದ್ದ ಪ್ರಯೋಗವೊಂದನ್ನು ಗೂಗಲ್ ದೂರದಿಂದ ಆನ್ ಮಾಡಿತ್ತು. ಬೇರೆ ಕಿಟಕಿಗಳ ಹಿಂದೆ ಮರೆಯಾದ ಕಿಟಕಿಗಳ ಕೆಲಸ ನಿಲ್ಲಿಸಿ ಶಕ್ತಿ ಉಳಿಸುವ ಪ್ರಯೋಗ ಅದು. ದೂರು ಬಂದ ಮೇಲೆ ವಾಪಸ್ ತೆಗೆದರು. ಪಕ್ಕಪಕ್ಕದ ಎರಡು ಯಂತ್ರಗಳಲ್ಲಿ ಆವೃತ್ತಿ ಸಂಖ್ಯೆ ಒಂದೇ ಇದ್ದು ವರ್ತನೆ ಬೇರೆಯಾದರೆ, ಮೊದಲು ಹೇಳಿದ ವರ್ಶನ್ ಪುಟದಲ್ಲೇ ‘ವೇರಿಯೇಶನ್ಸ್’ ಎಂಬ ಸಾಲುಗಳನ್ನು ಎರಡರಲ್ಲೂ ಹೋಲಿಸಿ ನೋಡಿ. ಸೆಟ್ಟಿಂಗ್ಸ್ ಕೆದಕುವುದು ಅದಾದ ಮೇಲೆ.