ರೇಷನ್ ಕಿಟ್ ಮುಟ್ಟಿದ ಮನೆಯ ಹುಡುಗಿಗೆ ಇನ್ನೇನು ಬೇಕು?

2020ರ ಮಾರ್ಚ್ 25ಕ್ಕೆ ಕೋವಿಡ್ ಲಾಕ್‌ಡೌನ್ ಆದಾಗ ಬೆಂಗಳೂರಿನ ಕೊಳೆಗೇರಿಗಳಿಗೂ ನೀಲಿ ಟಾರ್ಪಾಲಿನ ಶೆಡ್ಡುಗಳಿಗೂ ಅಕ್ಕಿ ಬೇಳೆ ಹೊತ್ತವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಇವತ್ತಿಗೂ ಕೇಳುವುದು ಇದನ್ನೇ: "ಮನೆಗೆ ಕಿಟ್ ಮುಟ್ಟಿದ ಮೇಲೆ ಆ ಮನೆ ಹುಡುಗಿಗೂ ಮುಟ್ಟಿದ ಹಾಗೇ ಅಲ್ವಾ? ಅವಳಿಗೆ ಅಂತ ಬೇರೆ ಏನು ಮಾಡಬೇಕು?"

ಮುಟ್ಟಿದ ಹಾಗಲ್ಲ. ಅಕ್ಕಿ ಚೀಲ ತುಂಬಿರುವ ಮನೆಯಿಂದಲೂ ಹದಿನೈದರ ಹುಡುಗಿ ಮದುವೆಯಾಗಿ ಹೋಗುತ್ತಾಳೆ. ಆ ಮನೆಯನ್ನು ಹಿಂಡುತ್ತಿರುವುದು ಹಸಿವೊಂದೇ ಅಲ್ಲ, ಬಾಡಿಗೆ ಮತ್ತು ಸಂಘದ ಸಾಲದ ಕಂತು. ಆದ್ದರಿಂದ ಕಿಟ್ ಹಂಚುವ ಪಟ್ಟಿಯಲ್ಲಿ ಮನೆಗಳ ಲೆಕ್ಕದ ಜೊತೆಗೆ ಇನ್ನೊಂದು ಲೆಕ್ಕ ಇರಬೇಕು: ಈ ಬೀದಿಯಲ್ಲಿ 10ರಿಂದ 18 ವರ್ಷದ ಹುಡುಗಿಯರು ಎಷ್ಟು, ಯಾವ ಶಾಲೆ, ಎಷ್ಟನೇ ತರಗತಿ, ಈ ವಾರ ಅವಳನ್ನು ಕಣ್ಣಾರೆ ಕಂಡವರು ಯಾರು. ಕೊನೆಯ ಅಂಕಣವೇ ಮುಖ್ಯ. ಅದು ಎರಡು ವಾರ ಖಾಲಿ ಇದ್ದರೆ ಮೂರನೆಯ ವಾರಕ್ಕೆ ಕಾಯಬಾರದು.

ಮೊದಲು ಕಿಟ್ಟಿನ ಮಾತು. 2020ರ ಏಪ್ರಿಲಿನಿಂದ ಕಾರ್ಡಿದ್ದವರಿಗೆ ಕೇಂದ್ರದ ಯೋಜನೆಯಲ್ಲಿ ತಲೆಗೆ 5 ಕೆ.ಜಿ. ಧಾನ್ಯ ಪುಕ್ಕಟೆ ಸಿಗುತ್ತಿತ್ತು. ಅಂಥ ಮನೆಗೆ ಮತ್ತೆ ಅಕ್ಕಿಯನ್ನೇ ಸುರಿದರೆ ಅದು ಅರ್ಧ ಬೆಲೆಗೆ ಅಂಗಡಿಗೆ ಹೋಗುತ್ತದೆ, ತಪ್ಪು ಅವರದ್ದಲ್ಲ. ಐದು ಜನರ ಮನೆಗೆ ಹದಿನೈದು ದಿನಕ್ಕೆ ಬೇಕಾದದ್ದು ತೊಗರಿಬೇಳೆ 2 ಕೆ.ಜಿ., ಎಣ್ಣೆ 2 ಲೀಟರ್, ಕಡಲೆಬೀಜ 1 ಕೆ.ಜಿ., ಬೆಲ್ಲ 1 ಕೆ.ಜಿ., ಉಪ್ಪು, ಖಾರದಪುಡಿ, ಹುಣಸೆಹಣ್ಣು, ಮೈಸೋಪು, ಬಟ್ಟೆಸೋಪು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಿಗೆ ಜೋಳ ಬೇಕು. ಕಾಳು ಕೊಡಬೇಡಿ, ಹಿಟ್ಟು ಕೊಡಿ, ಲಾಕ್‌ಡೌನಿನಲ್ಲಿ ಗಿರಣಿ ಮುಚ್ಚಿರುತ್ತದೆ. ಬೇಯಿಸಲು ಉರುವಲು ಇದೆಯೇ ಎಂದು ಕೇಳುವುದನ್ನು ಬಹಳಷ್ಟು ಜನ ಮರೆಯುತ್ತಾರೆ. ಇಲ್ಲದಿದ್ದರೆ ಸೌದೆ ಆರಿಸಲು ಹೋಗುವವಳು ಹುಡುಗಿಯೇ, ಅದೂ ಕತ್ತಲಾದ ಮೇಲೆ.

ಈ ಶೆಡ್ಡುಗಳವರ ಕಾರ್ಡು ಊರಿನಲ್ಲಿರುತ್ತದೆ. ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಎತ್ತಬಹುದು, ನಿಜ. ಆದರೆ ಊರಲ್ಲಿ ಅತ್ತೆ ಮಾವ ಆ ತಿಂಗಳದ್ದನ್ನು ಎತ್ತಿದ್ದರೆ ಇಲ್ಲಿ ಹೆಬ್ಬೆಟ್ಟು ಒತ್ತಿದರೂ ಬರಿಗೈ. ಅಕ್ಕಿ ಕೊಡಬೇಕಾದದ್ದು ಇಂಥವರಿಗೆ.

ಹಂಚುವ ರೀತಿಯಲ್ಲೂ ಅಪಾಯವಿದೆ. ಸಂಜೆಯ ಸಾಲಿಗೆ ಹುಡುಗಿಯನ್ನು ಕಳಿಸುತ್ತಾರೆ, ಅವಳ ಫೋನ್ ನಂಬರ್ ಬರೆದುಕೊಂಡವನು ರಾತ್ರಿ ಮೆಸೇಜ್ ಹಾಕುತ್ತಾನೆ. ಹಗಲಲ್ಲೇ ಹಂಚಿ. ಇಬ್ಬರು ಹೆಂಗಸರು ನಿಂತಿರಲಿ. ನಂಬರು ತಾಯಿಯದ್ದೇ ಇರಲಿ. ಚೀಲ ಹಿಡಿದ ಮಕ್ಕಳ ಫೋಟೋ ಬೇಡವೇ ಬೇಡ. ದೂರು ಹೇಳಲು ಒಂದು ನಂಬರನ್ನು ಚೀಲದ ಮೇಲೆ ಅಂಟಿಸಿ, ಅದನ್ನು ಎತ್ತುವವಳು ಹೆಂಗಸೇ ಆಗಿರಲಿ.

ಪ್ಯಾಡಿನ ವಿಷಯ. ಶಾಲೆ ಮುಚ್ಚಿದಾಗ ಶಾಲೆಯಲ್ಲಿ ಸಿಗುತ್ತಿದ್ದ ಪ್ಯಾಡೂ ನಿಂತಿತು, ವಾರಕ್ಕೊಮ್ಮೆ ಕೊಡುತ್ತಿದ್ದ ಕಬ್ಬಿಣಾಂಶದ ನೀಲಿ ಮಾತ್ರೆಯೂ ನಿಂತಿತು. ಮಾತ್ರೆಗೆ ಆಶಾ ಕಾರ್ಯಕರ್ತೆಯನ್ನು ಕೇಳಬೇಕು. ಊಟದ ಮೇಲೆ ನುಂಗಲು ಹೇಳಿ, ಖಾಲಿ ಹೊಟ್ಟೆಗೆ ನುಂಗಿ ವಾಂತಿಯಾದರೆ ಮತ್ತೆ ಮುಟ್ಟುವುದಿಲ್ಲ. ಎಂಟು ಪ್ಯಾಡಿನ ಒಂದು ಪ್ಯಾಕೆಟ್ ಒಬ್ಬಳಿಗೇ ಸಾಲದು. ತಾಯಿ ಮಗಳಿಗೆ ತಿಂಗಳಿಗೆ ಮೂರಾದರೂ ಬೇಕು. ಬಟ್ಟೆಯ ಪ್ಯಾಡು ಒಳ್ಳೆಯದೆಂದು ಕೊಡುವವರು ಅದನ್ನು ಒಣಗಿಸುವ ಜಾಗ ನೋಡಿ ಬರಲಿ. ಹತ್ತಡಿಯ ಒಂದೇ ಕೋಣೆ, ಗಂಡಸರೆಲ್ಲ ಮನೆಯಲ್ಲೇ, ನೀರು ಎರಡು ದಿನಕ್ಕೊಮ್ಮೆ. ಬಟ್ಟೆ ಬಿಸಿಲು ಕಾಣದೆ ಹಸಿಯಾಗಿಯೇ ಉಳಿಯುತ್ತದೆ. ಸಮುದಾಯ ಶೌಚಾಲಯಕ್ಕೆ ರಾತ್ರಿ ಹೋಗಲು ಹೆದರಿ ಹುಡುಗಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಆಮೇಲೆ ಉರಿಮೂತ್ರ. ಕಿಟ್ಟಿನಲ್ಲೊಂದು ಟಾರ್ಚು ಹಾಕಿದರೆ ಅದು ದಂಡವಲ್ಲ.

ಈಗ ಮದುವೆ. 2020ರ ಮೇ ತಿಂಗಳ ನಿಯಮದಲ್ಲಿ ಮದುವೆಗೆ 50 ಜನಕ್ಕಿಂತ ಹೆಚ್ಚು ಸೇರುವಂತಿರಲಿಲ್ಲ. ಛತ್ರವಿಲ್ಲ, ಊರೂಟವಿಲ್ಲ, ಗುಡಿಯ ಮುಂದೆ ತಾಳಿ ಕಟ್ಟಿದರೆ ಮುಗಿಯಿತು. ಕೂಲಿ ನಿಂತ ತಂದೆಗೆ ಇದು ಖರ್ಚು ಉಳಿಯುವ ದಾರಿಯಾಗಿ ಕಂಡಿತು. ಕಂತಿಗೆ ಆ ವರ್ಷ ಆಗಸ್ಟಿನವರೆಗೆ ರಿಸರ್ವ್ ಬ್ಯಾಂಕ್ ಬಿಡುವು ಕೊಡಲು ಅವಕಾಶ ಮಾಡಿತ್ತು, ಆದರೆ ಬಡ್ಡಿ ಬೆಳೆಯುತ್ತಲೇ ಇತ್ತು; ಕೈಸಾಲಕ್ಕೆ ಮೀಟರ್ ಬಡ್ಡಿ ಹಾಕುವವನಿಗೆ ಬಿಡುವೇ ಇಲ್ಲ. ಆದ್ದರಿಂದ ನಿಮ್ಮ ಕೈಯಲ್ಲಿ ಹಣ ಸ್ವಲ್ಪವೇ ಇದ್ದರೆ ನೂರು ಮನೆಗೆ ಇನ್ನೊಂದು ಕಿಟ್ ಕೊಡುವುದಕ್ಕಿಂತ, ಹುಡುಗಿಗೆ ಗಂಡು ನೋಡುತ್ತಿರುವ ಹತ್ತು ಮನೆಗೆ ಮೂರು ತಿಂಗಳ ಬಾಡಿಗೆ ಕಟ್ಟಿ ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಮಾಲೀಕನಿಗೆ ನೇರವಾಗಿ ಕೊಟ್ಟು ತಾಯಿಯ ಹೆಸರಿನಲ್ಲಿ ಚೀಟಿ ಬರೆಸಿಕೊಳ್ಳಿ.

ಸುಳಿವುಗಳು ಸಣ್ಣವು. ನಲ್ಲಿಯ ಸಾಲಿನಲ್ಲಿ ಅವಳು ಕಾಣಿಸುವುದಿಲ್ಲ, ಫೋನು ಅವಳ ಕೈಯಲ್ಲಿಲ್ಲ, "ಅಜ್ಜಿ ಊರಿಗೆ ಹೋಗವ್ಳೆ" ಎಂಬ ಉತ್ತರ ಎರಡನೇ ವಾರವೂ ಬರುತ್ತದೆ. ಆಗ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹುಡುಗಿಯ ಹೆಸರು, ವಯಸ್ಸು, ಶಾಲೆ, ಮನೆಯ ಗುರುತು, ಮದುವೆಯ ದಿನ, ಜಾಗ ಹೇಳಿ. ಕರೆ ಮಾಡಿದವರ ಹೆಸರು ಗುಟ್ಟಾಗಿಡಲು ಕೇಳಬಹುದು. ವಯಸ್ಸಿಗೆ ಶಾಲೆಯ ದಾಖಲೆ ಅಥವಾ ಜನನ ಪ್ರಮಾಣಪತ್ರ ಬೇಕು, ಆಧಾರ್ ಕಾರ್ಡನ್ನು ನೆಚ್ಚಿಕೊಳ್ಳಬೇಡಿ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಇದನ್ನು ಗಂಡಿನ ಕಡೆಯವರಿಗೂ ಹೇಳಿದರೆ ಕೆಲವೊಮ್ಮೆ ಅವರೇ ಹಿಂದೆ ಸರಿಯುತ್ತಾರೆ.

ಕೆಲಸ ಕೆಡುವುದು ಇದರ ನಂತರ. ಅಧಿಕಾರಿಗಳು ಬಂದು ತಂದೆ ತಾಯಿಯಿಂದ ಮುಚ್ಚಳಿಕೆ ಬರೆಸಿಕೊಂಡು ಹೋಗುತ್ತಾರೆ, ಎಲ್ಲರಿಗೂ ನಿರಾಳ. ಹದಿನೈದು ದಿನ ಬಿಟ್ಟು ಊರಿನ ಗುಡಿಯಲ್ಲಿ ಅದೇ ಮದುವೆ ನಡೆಯುತ್ತದೆ. ಮುಚ್ಚಳಿಕೆಯ ದಿನವೇ ಆ ಊರಿನ ಅಂಗನವಾಡಿ ಕಾರ್ಯಕರ್ತೆಗೂ ಪಂಚಾಯಿತಿಯ ಪಿ.ಡಿ.ಒ.ಗೂ ಸುದ್ದಿ ಮುಟ್ಟಿಸಬೇಕು. ಅನುಮಾನ ಬಲವಾಗಿದ್ದರೆ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಲು ಬಾಲ್ಯವಿವಾಹ ನಿಷೇಧಾಧಿಕಾರಿಯನ್ನು ಒತ್ತಾಯಿಸಬೇಕು. ಅವಳನ್ನು ವಾರ ವಾರ ನೋಡಲೇಬೇಕು.

ಮನೆಯಲ್ಲಿ ಹೊಡೆತ ಇದ್ದರೆ ಫೋನಿನಲ್ಲಿ ಅವಳು ಬಾಯಿ ಬಿಡಲಾರಳು. ಸ್ಪೀಕರ್ ಹಾಕಿದೆಯಾ, ಪಕ್ಕದಲ್ಲಿ ಯಾರಾದರೂ ಇದ್ದಾರಾ ಎಂದು ಮೊದಲು ಕೇಳಿ. ಹೂಂ, ಊಹೂಂ ಅಂದರೆ ಸಾಕಾಗುವಂತೆ ಪ್ರಶ್ನೆ ಹಾಕಿ. ತಾಯಿಗೆ ಮಹಿಳಾ ಸಹಾಯವಾಣಿ 181 ತಿಳಿದಿರಲಿ. ತಂದೆ ತಾಯಿ ಇಬ್ಬರನ್ನೂ ಆಸ್ಪತ್ರೆಗೆ ಒಯ್ದರೆ ಹುಡುಗಿ ಯಾರ ಮನೆಯಲ್ಲಿ ಮಲಗಬೇಕು ಎಂಬುದನ್ನು ಕಾಯಿಲೆ ಬರುವ ಮೊದಲೇ ತಾಯಿಯ ಬಾಯಿಂದ, ಹುಡುಗಿಯ ಎದುರೇ ಹೇಳಿಸಿ ಬರೆದಿಡಿ. ಕೋವಿಡ್‌ನಿಂದ ಸಾವಾಗಿದ್ದರೆ ಪರೀಕ್ಷೆಯ ವರದಿ, ಬಿ.ಯು. ನಂಬರ್ (ಬೆಂಗಳೂರಿನಲ್ಲಿ ಕೋವಿಡ್ ರೋಗಿಗೆ ಕೊಡುತ್ತಿದ್ದ ಗುರುತಿನ ಸಂಖ್ಯೆ), ಮರಣ ಪ್ರಮಾಣಪತ್ರ ಮೂರನ್ನೂ ಜೋಪಾನ ಮಾಡಿ. ಕೋವಿಡ್‌ನಿಂದ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ 2021ರಲ್ಲಿ ರಾಜ್ಯ ಸರ್ಕಾರ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಇಂಥ ಅರ್ಜಿ ನಿಂತುಬಿಡುತ್ತದೆ.

ಶಾಲೆ ತೆರೆದ ಮೇಲೂ ಪಟ್ಟಿ ಮುಚ್ಚಬೇಡಿ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನಿನಲ್ಲಿ ಎಬೋಲಾ ಕಾಲದಲ್ಲಿ ಗರ್ಭಿಣಿಯಾದ ಹುಡುಗಿಯರನ್ನು ಶಾಲೆಗೇ ಸೇರಿಸಲಿಲ್ಲ, ಆ ನಿಷೇಧ ತೆಗೆದದ್ದು 2020ರ ಮಾರ್ಚಿನಲ್ಲಿ. ನಮ್ಮಲ್ಲಿ ಅಂಥ ಆದೇಶವಿಲ್ಲ, ಅಡ್ಡಿ ಬೇರೆ. ಫೀಸು ಬಾಕಿ ಇರುವ ಖಾಸಗಿ ಶಾಲೆ ಟಿ.ಸಿ. ಕೊಡುವುದಿಲ್ಲ. ಎಂಟನೇ ತರಗತಿಯವರೆಗೆ ಟಿ.ಸಿ. ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನಲ್ಲಿ ಇದೆ. ಹುಡುಗಿಯ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಸಂಖ್ಯೆ) ಬರೆದುಕೊಂಡು ತಾಯಿಯ ಜೊತೆ ಸರ್ಕಾರಿ ಶಾಲೆಗೆ ಹೋಗಿ. ಒಂಬತ್ತು, ಹತ್ತರ ಹುಡುಗಿಯರ ಮನೆಗೆ ಮೊದಲು ಹೋಗಿ, ಗಾರ್ಮೆಂಟ್ಸ್ ಕೆಲಸಕ್ಕೋ ಮನೆಗೆಲಸಕ್ಕೋ ಕರೆಯುವವರು ಅಷ್ಟರಲ್ಲಿ ಬಂದು ಹೋಗಿರುತ್ತಾರೆ. ತೆರೆದ ಮೊದಲ ವಾರ ಹಾಜರಿ ಪುಸ್ತಕವನ್ನು ನಿಮ್ಮ ಪಟ್ಟಿಯ ಪಕ್ಕ ಇಟ್ಟುಕೊಂಡು, ಕಾಣದ ಪ್ರತಿ ಹೆಸರಿನ ಮನೆಗೆ ಅದೇ ದಿನ ಸಂಜೆಯೊಳಗೆ ನಡೆಯಿರಿ.