ಭುಜದಾಗ ಸುಣ್ಣ

5 ಜನವರಿ 2025, ರವಿವಾರ, ಕಲಬುರಗಿ

ಎಡಗೈಲಿ ಒಂದೊಂದೇ ಅಕ್ಷರ ಒತ್ತಿ ಟೈಪ್ ಮಾಡ್ಲತ್ತೀನಿ, ತಪ್ಪಿದ್ರ ಸಂಭಾಳ್ಸಿ ಓದ್ರಿ. ಹೋದ ಸೋಮವಾರ ಎಳ್ಳಮಾಸಿ ಇತ್ತಲ್ಲ, ಹೊಲಕ್ಕ ಚರಗ ಚೆಲ್ಲಾಕ ಹೋಗೋದು ಅಂತ ಎರಡ್ ದಿನ ಕುಂತು ಸಜ್ಜಿ ರೊಟ್ಟಿ ಬಡದೆ, ಆವಾಗ ಏನೂ ಆಗ್ಲಿಲ್ಲ. ಬುಧವಾರ ರಾತ್ರಿ ಎರಡಕ್ಕ ಎಚ್ಚರಾಯ್ತು, ಬಲ ಭುಜದಾಗ ಹಲ್ಲುನೋವು ಬಂದಂಗ, ಆ ಮಗ್ಗಲಾಗಿ ಮಲಗೋದು ದೂರ ಉಳಿತು, ರಗ್ಗಿನ ಭಾರನೂ ತಡಿಲಿಲ್ಲ. ಎರಡು ಮಕ್ಕಳ ಹಡದೀನಿ, ಆವಾಗೂ ಹಿಂಗ ಒದರಿಲ್ಲ.

ನಿನ್ನಿ ಎಕ್ಸ್‌ರೇ ತಗಿಸಿದ್ವಿ. ಭುಜದ ಎಲುಬಿನ ಮ್ಯಾಲ ತೊಗರಿ ಕಾಳಿಗಿಂತ ಜರಾ ದೊಡ್ಡದೊಂದು ಬಿಳಿ ಚುಕ್ಕಿ. ಕ್ಯಾಲ್ಸಿಯಂ ಅಂತ! ನೋಡಿ ಅತ್ತಿ, "ಎಲಿಗೆ ಸುಣ್ಣ ಕಮ್ಮಿ ಹಚ್ಚು ಅಂದ್ರ ಕೇಳ್ತಿದ್ದೇನು" ಅಂದ್ರು. ಇವರು ಅದಕ್ಕೂ ಮುಂದ ಹೋಗಿ, ಹುಟ್ಟಿದಾಗಿಂದ ಶಾಬಾದಿ ಸುಣ್ಣಗಲ್ಲಿನ ಫರ್ಸಿ ಮ್ಯಾಲ ಓಡಾಡೀದಿ, ಇನ್ನ ಸೇಡಂ ಕಡಿ ಸಿಮೆಂಟ್ ಫ್ಯಾಕ್ಟರಿಯವರು ನಿನ್ನ ಭುಜ ಕೇಳ್ಕೊಂಡ್ ಬರ್ತಾರ ನೋಡು ಅಂತ ನಗ್ಲತ್ತಿದ್ರು. ಖರೇ ಅಂದ್ರ ಇದು ಆ ಸುಣ್ಣ ಅಲ್ಲಂತ, ಎಲುಬಿನಾಗ ಇರೋ ಜಾತಿದು. ಎಲಿ ಸುಣ್ಣ, ಹಾಲು, ಕ್ಯಾಲ್ಸಿಯಂ ಗುಳಿಗಿ ಯಾವುದರಿಂದಾನೂ ಬರೋದಲ್ಲ, ಗುಳಿಗಿ ಬಿಡಬ್ಯಾಡ್ರಿ ಅಂದ್ರು ಡಾಕ್ಟರು. ಮೂವತ್ತರಿಂದ ಅರವತ್ತರ ಒಳಗ, ಅದೂ ಹೆಣ್ಮಕ್ಕಳಿಗೇ ಜಾಸ್ತಿ.

ಮತ್ತ ಇಷ್ಟ್ ದಿನ ಸುಮ್ನಿದ್ದದ್ದು ಈಗ್ಯಾಕ ಅಂದ್ರ, ಅದು ಕರಗ್ಲತ್ತದ ಅಂತ! ಒಣ ಸೀಮೆಸುಣ್ಣದಂಗ ಇದ್ದದ್ದನ್ನ ಮೈಯೇ ತಿಂದು ತಗೀಲಾಕ ಶುರು ಮಾಡಿದಾಗ ಟೂತ್‌ಪೇಸ್ಟಿನಂಗ ಆಗಿ ಬಾವು ಬರ್ತದ, ನೋವಿಗ ಅದೇ ಕಾರಣ. ಕೂಡೋವಾಗ ಗೊತ್ತೇ ಆಗಲ್ಲ, ಹೋಗೋವಾಗ ಜೀವ ತಿಂತದ, ಥೇಟ್ ನಮ್ಮ ಬೀಗರಂಗ. ಎರಡ್ ವಾರ ನೋಡೋಣ, ತಾನಾ ಹೋಗ್ಲಿಲ್ಲಂದ್ರ ಸೋನೋಗ್ರಫಿ ನೋಡ್ಕೋಂತ ಸೂಜಿ ಹಾಕಿ ಸಲೈನಿನಿಂದ ತೊಳದು ಎಳ್ಕೊಂತಾರಂತ. ಆಪರೇಷನ್ ಬಹುತೇಕ ಬೇಕಾಗಲ್ಲ.

ಅತ್ತಿದು ಉಲ್ಟಾ ಕೇಸು. ಹೋದ ವರ್ಷ ಬಚ್ಚಲದಾಗ ಜಾರಿ ಬಿದ್ದು ಎಡಗೈ ಏಳಲಾರದಂಗ ಆಯ್ತು, ಮೊದಲ ತೋರಿಸಿದವ್ರು ಮುಟ್ಟೂ ನೋಡದೇ ಫ್ರೋಜನ್ ಶೋಲ್ಡರ್, ಅಂದ್ರ ಭುಜ ಬಿಗದು ಹಿಡಕೊಂಡದ ಅಂತ ಎಣ್ಣಿ ಬರಕೊಟ್ರು, ಎರಡ್ ತಿಂಗಳು ಹಂಗೇ ಹೋತು. ನಂಗ ಈಗ ಸಿಟ್ ಬರ್ತದ, ಯಾಕಂದ್ರ ಫ್ರೋಜನ್ ಇದ್ರ ಬ್ಯಾರೆಯವರು ಎತ್ತಿದ್ರೂ ಕೈ ಏಳಲ್ಲ, ಅತ್ತಿ ಕೈ ನಾ ಎತ್ತಿದ್ರ ಸಲೀಸು ಮ್ಯಾಲ ಹೋಗ್ತಿತ್ತು, ಬಿಟ್ರ ದೊಪ್ಪಂತ ಬೀಳ್ತಿತ್ತು. ಎಂಆರ್‌ಐದಾಗ ರೊಟೇಟರ್ ಕಫ್ ಹರದದ ಅಂತ ಬಂತು. ತೋಳಿನ ಎಲುಬಿನ ತಲಿಗೆ ನಾಕು ಸ್ನಾಯುಗಳ ತುದಿ ಟೊಪಗಿ ಹಂಗ ಅಪ್ಪಿಕೊಂಡಿರ್ತಾವಲ್ಲ, ಅದೇ ಕಫ್ಫು. ಅವರಿಗ ಹರದದ್ದು ಮ್ಯಾಲಿಂದು, ಸುಪ್ರಾಸ್ಪೈನೇಟಸ್. ನಂಗ ಸುಣ್ಣ ಕುಂತದ್ದೂ ಅದರಾಗೇ. ಪೂರಾ ಹರದದ್ದು ತಾನಾ ಕೂಡಲ್ಲ, ದುರ್ಬೀನ್ ಹಾಕಿ ಹೊಲಿಬೇಕು, ಅತ್ತಿ ಒಲ್ಲೆ ಅಂದ್ರು. ಎಪ್ಪತ್ತೆರಡು ವಯಸ್ಸು. ದಿನಾ ಗ್ವಾಡಿ ಮ್ಯಾಲ ಬೆರಳು ನಡಸ್ಯಾರ, ರಬ್ಬರ್ ಎಳದಾರ, ಈಗ ತಮ್ಮ ತಲಿ ತಾವೇ ಬಾಚ್ಕೊಂತಾರ, ಅಷ್ಟೇನ್ ನೋವೂ ಇಲ್ಲ.

ಇವತ್ತು ನನ್ನ ತಲಿನೂ ಅವರೇ ಬಾಚಿದ್ರು, ಬಲಗೈಲೇ. ರೊಟ್ಟಿ ಖಾನಾವಳಿದು ತಂದಿದ್ವಿ, ದಪ್ಪ ಅವ ಅಂತ ಬೈಕೋಂತ ಎರಡು ತಿಂದ್ರು.